ಹನ್ನೆರಡು ಟನ್ ಮಣ್ಣು, ಒಂದು ಜರಡಿ, ಒಂದು ಪುಟ್ಟ ಟ್ರ್ಯಾಕ್ಟರ್

ಹತ್ತು ಸಾವಿರ ಕಾಫಿ ಸಸಿ ಎಬ್ಬಿಸಬೇಕೆಂದರೆ ಸುಮಾರು 12 ಟನ್ ಮೇಲ್ಮಣ್ಣು ಬೇಕು. ನರ್ಸರಿಯಲ್ಲಿ ಬಳಸುವ 9 ಇಂಚು ಉದ್ದ, 6 ಇಂಚು ಅಗಲದ ಪ್ಲಾಸ್ಟಿಕ್ ಕೊಟ್ಟೆ ತುಂಬಿದಾಗ ಒಂದೂವರೆ ಲೀಟರಿನಷ್ಟು ಹಿಡಿಯುತ್ತದೆ. ಹತ್ತು ಸಾವಿರ ಕೊಟ್ಟೆಗೆ 15 ಘನ ಮೀಟರ್ ಆಯಿತು. ಆರು ಪಾಲು ಕಾಡುಮಣ್ಣು, ಎರಡು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಎಂಬುದು ಕಾಫಿ ನರ್ಸರಿಗಳಲ್ಲಿ ನಡೆದು ಬಂದ ಪ್ರಮಾಣ. ಮೂರರಲ್ಲಿ ಎರಡು ಪಾಲು ಮಣ್ಣೇ. ಅಂದರೆ 10 ಘನ ಮೀಟರ್, ತೂಕಕ್ಕೆ ಇಟ್ಟರೆ ಹನ್ನೆರಡು ಟನ್. ಇದು ಜರಡಿಯಿಂದ ಇಳಿದ ಮಣ್ಣಿನ ಲೆಕ್ಕ. ಕಲ್ಲು, ಬೇರು, ಹೆಂಟೆ ಸೇರಿಸಿ ತೂಗಿದರೆ ಇನ್ನೂ ಹೆಚ್ಚು.

ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ 70ರಷ್ಟು ಕರ್ನಾಟಕದ್ದು. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಅಲ್ಲಿಂದ ಹೊರಬಂದ ತಳಿಗಳ ಬಗ್ಗೆ, ಎಸ್.795 ಮೇಲೋ ಚಂದ್ರಗಿರಿ ಮೇಲೋ ಎಂಬುದರ ಬಗ್ಗೆ, ಬೆಳೆಗಾರರು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಆ ಬೀಜ ಬೇರು ಬಿಡುವ ಮಣ್ಣನ್ನು ತಂದು, ಸೋಸಿ, ಹದ ಮಾಡುವವರ ಕೆಲಸದ ಸುದ್ದಿ ಎತ್ತುವವರು ಕಡಿಮೆ. ಮೂಡಿಗೆರೆ, ಕೊಪ್ಪ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಮಳೆ ಹಿಂದೆ ಸರಿದ ಮೇಲೆ ಈ ಕೆಲಸ ಹಿಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಡಿಗೆ ಬೀಜ ಬೀಳುತ್ತದೆ. ಒಂದೂವರೆ ತಿಂಗಳಲ್ಲಿ ಮೊಳಕೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಮೇಲೆ ಬರುತ್ತದೆ. ಆ ಹೊತ್ತಿಗೆ ಕೊಟ್ಟೆಗಳು ತುಂಬಿ ಚಪ್ಪರದಡಿ ಸಾಲಾಗಿ ಕೂತಿರಬೇಕು. ಮಣ್ಣು ತಡವಾದರೆ ಇಡೀ ವರ್ಷವೇ ತಡ.

ಮೊದಲ ಪ್ರಶ್ನೆ, ಮಣ್ಣು ಎಲ್ಲಿಂದ ತರಬೇಕು? ಹಿಂದೆ ಉತ್ತರ ಸುಲಭವಿತ್ತು. ತೋಟದ ಮೇಲುಗಡೆಯ ಕಾಡಿಗೆ ಹೋಗಿ ದರಗು ಸರಿಸಿ, ಕಪ್ಪು ಮಣ್ಣನ್ನು ಬುಟ್ಟಿಗೆ ಕೆರೆದುಕೊಂಡು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಇವತ್ತು ಅದು ಕಾನೂನಿಗೆ ವಿರುದ್ಧ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನ ಮಣ್ಣೂ ಅರಣ್ಯ ಉತ್ಪನ್ನವೇ, ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಕಾನೂನು ಇಲ್ಲದಿದ್ದರೂ ಮುಟ್ಟಬಾರದು ಎಂದೇ ನನ್ನ ಅಭಿಪ್ರಾಯ. ಎರಡು ಮೂರು ಸೆಂಟಿಮೀಟರ್ ಮೇಲ್ಮಣ್ಣು ಕೂಡಿಬರಲು ಸಾವಿರ ವರ್ಷದವರೆಗೂ ಹಿಡಿಯಬಹುದು ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಹತ್ತು ಸಾವಿರ ಕೊಟ್ಟೆಗೆ ಬೇಕಾದ ಮಣ್ಣನ್ನು ಒಂದೇ ಕಡೆ ತೆಗೆದರೆ ಅರ್ಧ ಗುಂಟೆಗಿಂತ ಹೆಚ್ಚು ನೆಲ ಅರ್ಧ ಅಡಿ ಆಳಕ್ಕೆ ಬೋಳಾಗುತ್ತದೆ. ಮುಂದಿನ ಮುಂಗಾರಿನಲ್ಲಿ ಅಲ್ಲಿ ಕೊರಕಲು ಬೀಳುವುದು ಖಂಡಿತ.

ಹಾಗಾದರೆ ತರುವುದೆಲ್ಲಿಂದ? ತೋಟದೊಳಗೇ ಮಣ್ಣು ಬಂದು ಕೂರುವ ಜಾಗಗಳಿವೆ. ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ತೆಗೆಯುವ ತೊಟ್ಟಿಲು ಗುಂಡಿಗಳು ಇದಕ್ಕೆ ಹೇಳಿ ಮಾಡಿಸಿದವು. ಮಲೆನಾಡಿನ ಮಳೆ ಇಳಿಜಾರಿನಲ್ಲಿ ಮೇಲ್ಮಣ್ಣನ್ನು ತೊಳೆದುಕೊಂಡು ಹೊರಟಾಗ ಗುಂಡಿ ಅದನ್ನು ತಡೆಯುತ್ತದೆ. ಮೇಲಿಂದ ನೆರಳು ಮರದ ಎಲೆ ಉದುರುತ್ತದೆ, ಎರಡೂ ಸೇರಿ ಕೊಳೆಯುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಗುಂಡಿಯ ತಳದಲ್ಲಿ ಕೈಗೆ ಹಗುರಾದ, ಕಾಡಿನ ವಾಸನೆಯ ಕಪ್ಪು ಮಣ್ಣು ಕೂತಿರುತ್ತದೆ. ಗುಂಡಿಯನ್ನು ಹೇಗಿದ್ದರೂ ಮತ್ತೆ ಖಾಲಿ ಮಾಡಿ ಸರಿಪಡಿಸಬೇಕು. ಆ ಮಣ್ಣಿನಲ್ಲಿ ಹೆಚ್ಚಿನ ಪಾಲು ಗಿಡದ ಬುಡಕ್ಕೆ ಹೋಗಲಿ, ಒಂದು ಪಾಲು ನರ್ಸರಿಗೆ ಬರಲಿ. ರಸ್ತೆಯ ಬದಿಯ ಚರಂಡಿಯ ಹೂಳು, ತೋಟದ ಕೆರೆಯ ಅಂಚಿನ ಮಣ್ಣು, ಹೊಸದಾಗಿ ಕಣ ಮಾಡುವಾಗ ಮೇಲಿಂದ ಎತ್ತಿಟ್ಟ ಪದರ, ಇವೆಲ್ಲವೂ ಆದೀತು. ಕೆರೆಯ ಮಣ್ಣಿನಲ್ಲಿ ಜೇಡಿ ಜಾಸ್ತಿ, ಅದಕ್ಕೆ ಮರಳಿನ ಪಾಲು ಏರಿಸಬೇಕು ಅಷ್ಟೆ.

ತಂದ ಮಣ್ಣನ್ನು ಅದೇ ದಿನ ಜರಡಿಗೆ ಹಾಕುವವರು ಕೆಲಸ ಕೆಡಿಸಿಕೊಳ್ಳುತ್ತಾರೆ. ಮೂಡಿಗೆರೆ ಬಳಿಯ ಒಂದು ತೋಟದಲ್ಲಿ ಮಣ್ಣು ಜರಡಿ ಹಿಡಿಯುವ ತಂಡದ ಹಿರಿಯ ಹೆಂಗಸೊಬ್ಬರು ರಾಶಿಯ ಒಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ತೆಗೆದು ಬಿಗಿಯಾಗಿ ಮುಷ್ಟಿ ಹಿಡಿದರು. ಬೆರಳು ಬಿಡಿಸಿದಾಗ ಉಂಡೆ ಹಾಗೇ ನಿಂತಿತ್ತು. ಹೆಬ್ಬೆರಳಿನಿಂದ ಒತ್ತಿದರು. ಉಂಡೆ ಒಡೆಯಲಿಲ್ಲ, ಬೆರಳಿನ ಅಚ್ಚು ಬಿತ್ತು. ಟ್ರ್ಯಾಕ್ಟರಿನ ಹುಡುಗನ ಕಡೆ ತಿರುಗಿ, “ಏ ತಮ್ಮಾ, ಇವತ್ ಬ್ಯಾಡ, ಜಾಲರಿಗೆ ಮೆತ್ತುತ್ತೆ. ಇನ್ನೆರಡು ಬಿಸ್ಲು ಕಾಣ್ಲಿ” ಎಂದರು. ಹುಡುಗ ಎದುರು ಮಾತಾಡದೆ ಎಂಜಿನ್ ಆಫ್ ಮಾಡಿದ. ಹದ ಬಂದ ಮಣ್ಣಿನ ಉಂಡೆ ಮುಷ್ಟಿಯಲ್ಲಿ ನಿಲ್ಲಬೇಕು, ಹೆಬ್ಬೆರಳು ತಾಗಿದರೆ ಉದುರಬೇಕು. ಪೂರ್ತಿ ಒಣಗಿದರೂ ಕಷ್ಟವೇ. ದೂಳೆದ್ದು ಕಣ್ಣು, ಮೂಗು ಸೇರುತ್ತದೆ, ಮಣ್ಣಿನ ಕಣಗಳು ಹುಡಿಯಾಗಿ ಸಿಮೆಂಟಿನಂತೆ ಕೂರುತ್ತವೆ.

ಜರಡಿ ಎಂದರೆ ಇಲ್ಲಿ ಅಡುಗೆಮನೆಯ ದುಂಡು ಜರಡಿಯಲ್ಲ. ಆರಡಿ ಉದ್ದ, ಮೂರಡಿ ಅಗಲದ ಮರದ ಅಥವಾ ಕಬ್ಬಿಣದ ಚೌಕಟ್ಟಿಗೆ ತಂತಿಯ ಜಾಲರಿ ಬಿಗಿದು, ಹಿಂದೆ ಎರಡು ಗೂಟ ಕೊಟ್ಟು ಓರೆಯಾಗಿ ನಿಲ್ಲಿಸುತ್ತಾರೆ. ಸಲಿಕೆಯಲ್ಲಿ ಎತ್ತಿದ ಮಣ್ಣನ್ನು ಜಾಲರಿಯ ಮೇಲ್ಭಾಗಕ್ಕೆ ಬೀಸಿ ಎಸೆಯಬೇಕು. ನಯವಾದ ಮಣ್ಣು ತೂರಿ ಹಿಂದೆ ಬೀಳುತ್ತದೆ, ಕಲ್ಲು, ಬೇರು ಉರುಳಿ ಮುಂದೆ ಬೀಳುತ್ತವೆ. ಕೆಲಸದ ಗುಟ್ಟೆಲ್ಲ ಆ ಓರೆಯಲ್ಲಿದೆ. ತೀರ ನೆಟ್ಟಗಿದ್ದರೆ ಒಳ್ಳೆ ಮಣ್ಣೂ ಕಲ್ಲಿನ ಜೊತೆ ಜಾರಿ ಹೋಗುತ್ತದೆ, ತೀರ ಮಲಗಿಸಿದರೆ ಎಲ್ಲವೂ ಜಾಲರಿಯ ಮೇಲೇ ಕೂತು ಕೈಯಲ್ಲಿ ಉಜ್ಜಬೇಕಾಗುತ್ತದೆ. ಅನುಭವಿಗಳು ನಾಲ್ಕು ಸಲಿಕೆ ಎಸೆದು ಮುಂದಿನ ರಾಶಿಯನ್ನು ನೋಡುತ್ತಾರೆ. ಅದರಲ್ಲಿ ಮಣ್ಣು ಕಂಡರೆ ಗೂಟವನ್ನು ಒಂದು ಗೇಣು ಹಿಂದಕ್ಕೆ ಸರಿಸುತ್ತಾರೆ.

ಬೀಜದ ಮಡಿಗೆ ಕಾಲಿಂಚಿನ ಕಣ್ಣಿನ ಜಾಲರಿ, ಕೊಟ್ಟೆಗೆ ಅರ್ಧ ಇಂಚಿನದು ಸಾಕು. ಎಷ್ಟು ನಯವಾದರೆ ಅಷ್ಟು ಒಳ್ಳೆಯದು ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಒಳ್ಳೆಯ ಮೇಲ್ಮಣ್ಣಿನ ಗುಣವಿರುವುದು ಅದರ ಸಣ್ಣ ಸಣ್ಣ ಹರಳುಗಳಲ್ಲಿ. ಎರೆಹುಳ, ಶಿಲೀಂಧ್ರದ ಎಳೆ, ಕೊಳೆತ ಎಲೆಯ ಅಂಟು ಸೇರಿ ಕಟ್ಟಿದ ಹರಳುಗಳು ಅವು. ಅವುಗಳ ನಡುವಿನ ಸಂದಿಯಲ್ಲೇ ನೀರು ಇಳಿಯುವುದು, ಗಾಳಿ ಆಡುವುದು, ಎಳೆ ಬೇರು ದಾರಿ ಹುಡುಕುವುದು. ಉಜ್ಜಿ ಉಜ್ಜಿ ಹಿಟ್ಟು ಮಾಡಿದರೆ ಆ ಸಂದಿಯೇ ಮಾಯ. ಮೇಲಿಂದ ಹಾಕಿದ ನೀರು ಕೊಟ್ಟೆಯ ಬಾಯಲ್ಲೇ ನಿಲ್ಲುತ್ತದೆ, ಸಸಿಯ ಕತ್ತು ಕೊಳೆಯುತ್ತದೆ. ಆದ್ದರಿಂದ ಜಾಲರಿ ದಾಟದ ಹೆಂಟೆಯನ್ನು ಉಜ್ಜಬಾರದು, ಬದಿಗಿಟ್ಟು ಒಣಗಿಸಿ ಇನ್ನೊಂದು ದಿನ ಎಸೆಯಬೇಕು.

ಜರಡಿಯ ಇನ್ನೊಂದು ಉಪಕಾರ ಹುಳದ ವಿಷಯದಲ್ಲಿ. ಬೆಳ್ಳಗೆ ಸುರುಳಿ ಸುತ್ತಿ ಮಲಗಿರುವ ಗೊಣ್ಣೆಹುಳ ಜಾಲರಿಯ ಮೇಲೆ ಕಣ್ಣಿಗೆ ಬೀಳುತ್ತದೆ, ಹೆಕ್ಕಿ ತೆಗೆಯಬಹುದು. ಒಂದು ಹುಳ ಕೊಟ್ಟೆಯೊಳಗೆ ಸೇರಿದರೆ ಸಸಿಯ ಬೇರು ಪೂರ್ತಿ ಖಾಲಿ. ಬರಿಗಣ್ಣಿಗೆ ಕಾಣದ ಜಂತುಹುಳಗಳಿಗೆ ಮಾತ್ರ ಜರಡಿಯಿಂದ ಪ್ರಯೋಜನವಿಲ್ಲ. ತೇವದ ಮಣ್ಣನ್ನು ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣೊತ್ತಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡುವುದು ವಿಷವಿಲ್ಲದ ದಾರಿ.

ಓರೆ ಜರಡಿಗೆ ಆಳು ಬೇಕು, ಸೊಂಟಕ್ಕೆ ಶ್ರಮ. ಈಗ ಕೆಲವು ನರ್ಸರಿಗಳವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಡ್ರಮ್ ಜರಡಿ ಮಾಡಿಸಿಕೊಳ್ಳುತ್ತಾರೆ. ಕಬ್ಬಿಣದ ಬಳೆಗಳಿಗೆ ಜಾಲರಿ ಸುತ್ತಿ, ಒಂದು ಕಡೆ ತುಸು ತಗ್ಗಾಗಿಸಿ, ಮೋಟಾರ್ ಕೂರಿಸಿ ತಿರುಗಿಸುವುದು. ಇಲ್ಲಿ ಎಲ್ಲರೂ ಎಡವುವುದು ವೇಗದಲ್ಲಿ. ಎರಡಡಿ ವ್ಯಾಸದ ಡ್ರಮ್ಮು ನಿಮಿಷಕ್ಕೆ 55 ಸುತ್ತಿನ ಹತ್ತಿರ ಬಂದರೆ ಮಣ್ಣು ಕೆಳಗೆ ಬೀಳದೆ ಗೋಡೆಗೇ ಒತ್ತಿಕೊಂಡು ಜೊತೆಗೆ ಸುತ್ತುತ್ತದೆ. ಅದರ ಅರ್ಧ ವೇಗದಲ್ಲಿ ಮಣ್ಣು ಮೇಲಕ್ಕೇರಿ, ಉರುಳಿ, ಮತ್ತೆ ಬೀಳುತ್ತದೆ. ಜರಡಿ ಆಗುವುದು ಆ ಉರುಳಾಟದಲ್ಲಿ. ಸಣ್ಣ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಬೆಲ್ಟ್ ಹಾಕಿ ವೇಗ ಇಳಿಸಿಕೊಳ್ಳುವುದು ಸಾಮಾನ್ಯ. ಟ್ರ್ಯಾಕ್ಟರಿನ ಪಿಟಿಒದಿಂದ ಓಡಿಸುವವರೂ ಇದ್ದಾರೆ. ಅದು ನಿಮಿಷಕ್ಕೆ 540 ಸುತ್ತು ತಿರುಗುವ ಕಂಬಿ, ವೇಗ ಇಳಿಸುವ ಗೇರ್‌ಬಾಕ್ಸ್ ಇಲ್ಲದೆ ಡ್ರಮ್ಮಿಗೆ ಜೋಡಿಸುವ ಮಾತೇ ಇಲ್ಲ. ಸೀರೆಯ ಸೆರಗು, ಪಂಚೆಯ ತುದಿ ಹತ್ತಿರ ಸುಳಿಯದಂತೆ ಅದಕ್ಕೆ ಮುಚ್ಚಳ ಇರಲೇಬೇಕು.

ಇನ್ನು ಟ್ರ್ಯಾಕ್ಟರ್. ಮಲೆನಾಡಿಗೆ ಮೊದಲು ಬಂದದ್ದು ಪವರ್ ಟಿಲ್ಲರ್. ಅದನ್ನು ತಯಾರಿಸುವ ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು. ಗದ್ದೆ ಉಳಲು ತಂದ ಟಿಲ್ಲರಿಗೆ ಟ್ರೈಲರ್ ಕಟ್ಟಿ ಗೊಬ್ಬರ, ಮಣ್ಣು, ಅಡಿಕೆ ಗೊನೆ ಎಲ್ಲವನ್ನೂ ಸಾಗಿಸಿದ ಮನೆಗಳು ಎಷ್ಟೋ. ಆಮೇಲೆ ಬಂದವು 18ರಿಂದ 27 ಅಶ್ವಶಕ್ತಿಯ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಪುಟ್ಟ ಟ್ರ್ಯಾಕ್ಟರುಗಳು. ಸುಮಾರು ಒಂದು ಮೀಟರ್ ಅಗಲದ ಈ ಗಾಡಿ ಕಾಫಿ ಸಾಲಿನ ಪಕ್ಕದ ಕಾಲುದಾರಿಯಲ್ಲೂ ನುಸುಳುತ್ತದೆ. ಒಂದೂವರೆ ಟನ್ ಹೊರುವ ಟ್ರೈಲರಿಗೆ ಹನ್ನೆರಡು ಟನ್ ಎಂದರೆ ಎಂಟು ಲೋಡು. ತಲೆಹೊರೆಯಲ್ಲಿ ಇಪ್ಪತ್ತು ಕಿಲೋದ ಬುಟ್ಟಿಯಂತೆ ಹೊತ್ತಿದ್ದರೆ ಆರುನೂರು ನಡಿಗೆ. ಆ ನಡಿಗೆಯ ಬಹುಪಾಲು ಹೆಂಗಸರ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಈ ಯಂತ್ರ ಮಾಡಿದ ಒಳ್ಳೆಯದರಲ್ಲಿ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಜಾಣರು ಜರಡಿಯನ್ನು ನೆಲದ ಮೇಲೆ ಇಡುವುದೇ ಇಲ್ಲ. ಗುಂಡಿಯ ಪಕ್ಕದಲ್ಲೇ ಒಣಗಿ ಹದ ಬಂದ ಮಣ್ಣಿನ ಬಳಿ ಟ್ರೈಲರನ್ನು ನಿಲ್ಲಿಸಿ ಅದರ ಅಂಚಿಗೇ ಓರೆಯಾಗಿ ಜರಡಿ ಕಟ್ಟುತ್ತಾರೆ. ಎಸೆದ ಮಣ್ಣಿನಲ್ಲಿ ನಯವಾದದ್ದು ಟ್ರೈಲರಿಗೆ ಬೀಳುತ್ತದೆ, ಚರಳು ಹೊರಕ್ಕೆ ಉರುಳುತ್ತದೆ. ಒಮ್ಮೆ ಎತ್ತುವ ಕೆಲಸ ಉಳಿಯಿತು, ಕಲ್ಲನ್ನು ನರ್ಸರಿಯವರೆಗೆ ಹೊತ್ತು ಮತ್ತೆ ಹೊರಗೆ ಸಾಗಿಸುವ ಡೀಸೆಲ್ಲೂ ಉಳಿಯಿತು. ಆ ಚರಳನ್ನು ದಾರಿಯ ಚಕ್ರದ ಹೊಂಡಗಳಿಗೆ ತುಂಬುತ್ತಾರೆ. ಬೇರು, ಕಡ್ಡಿ ಗೊಬ್ಬರದ ಗುಂಡಿಗೆ.

ಇಳಿಜಾರಿನಲ್ಲಿ ಈ ಗಾಡಿಯನ್ನು ಹಗುರಾಗಿ ತೆಗೆದುಕೊಳ್ಳಬಾರದು. ಅಗಲ ಕಡಿಮೆಯಾದ್ದರಿಂದ ಪಕ್ಕಕ್ಕೆ ಮಗುಚುವ ಭಯ ಹೆಚ್ಚು. ತುಂಬಿದ ಟ್ರೈಲರ್ ಹಿಂದಿನಿಂದ ತಳ್ಳುವಾಗ ಕ್ಲಚ್ ಒತ್ತಿ ಜಾರಿಸಿಕೊಂಡು ಬರುವುದು ಅಪಾಯ, ಇಳಿಯುವ ಮೊದಲೇ ಚಿಕ್ಕ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲೇ ಇಳಿಸಬೇಕು. ಟ್ರೈಲರ್ ಎತ್ತಿ ಸುರಿಯುವಾಗ ಸಮತಟ್ಟು ಜಾಗವೇ ಆಗಬೇಕು. ನೆಲಕ್ಕೂ ಒಂದು ಮರ್ಯಾದೆ ಇದೆ. ಒದ್ದೆ ನೆಲದ ಮೇಲೆ ಚಕ್ರ ಮೊದಲ ಸಲ ಹಾದಾಗಲೇ ಮಣ್ಣು ಒತ್ತಿಹೋಗುವುದು ಹೆಚ್ಚು. ಹಾಗಾಗಿ ತೋಟದ ತುಂಬ ಓಡಾಡದೆ ಒಂದೇ ಜಾಡಿನಲ್ಲಿ ಹೋಗಿ ಬರುವುದು, ಮಳೆ ಬಂದ ಮಾರನೇ ದಿನ ಗಾಡಿ ಇಳಿಸದಿರುವುದು, ಇಷ್ಟು ಪಾಲಿಸಿದರೆ ಗಿಡದ ಬೇರು ಬದುಕುತ್ತದೆ.

ತಂದ ಮಣ್ಣನ್ನು ಎದೆಮಟ್ಟಕ್ಕಿಂತ ಎತ್ತರ ಪೇರಿಸಬಾರದು. ಎತ್ತರದ ರಾಶಿಯ ತಳಕ್ಕೆ ಗಾಳಿ ಹೋಗದೆ ಕೆಲವೇ ತಿಂಗಳಲ್ಲಿ ಹುಳಿ ವಾಸನೆ ಹಿಡಿಯುತ್ತದೆ. ಗೊಬ್ಬರವನ್ನೂ ಜರಡಿ ಹಿಡಿದು, ಮಣ್ಣು, ಗೊಬ್ಬರ, ಮರಳು ಮೂರನ್ನೂ ಪದರ ಪದರವಾಗಿ ಹರಡಿ, ಸಲಿಕೆಯಲ್ಲಿ ಮೂರು ಬಾರಿ ಮಗುಚಿದರೆ ಬಣ್ಣ ಒಂದಾಗುತ್ತದೆ. ಕೊಟ್ಟೆಯ ಕೆಳಭಾಗಕ್ಕೆ ತೂತು ಹೊಡೆದು, ತುಂಬುತ್ತ ತುಂಬುತ್ತ ನೆಲಕ್ಕೆ ಮೆಲ್ಲಗೆ ಕುಕ್ಕಿ, ಬಾಯಿವರೆಗೆ ತುಂಬಬೇಕು. ನೀರು ಬಿದ್ದ ಮೇಲೆ ಒಂದಿಂಚು ಇಳಿದೇ ಇಳಿಯುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದಾಗ ಈ ಮಣ್ಣು ಮತ್ತೆ ಪ್ರಯಾಣ ಹೊರಡುತ್ತದೆ. ಸಸಿ ಮಾರಿದ ನರ್ಸರಿಯವರು ಪ್ರತಿ ಕೊಟ್ಟೆಯ ಜೊತೆ ಒಂದೂವರೆ ಲೀಟರ್ ಮಣ್ಣನ್ನೂ ಮಾರಿರುತ್ತಾರೆ. ಅದರಲ್ಲಿರುವ ಜಂತುಹುಳವೂ ಕೊಂಡವರ ತೋಟ ಸೇರುತ್ತದೆ, ಒಮ್ಮೆ ಸೇರಿದರೆ ಹೊರಗಟ್ಟುವುದು ಕಷ್ಟ. ಆದ್ದರಿಂದ ಕೊಳ್ಳುವವರು ಎಲೆಯ ಹಸಿರು ನೋಡಿ ವ್ಯಾಪಾರ ಮುಗಿಸಬಾರದು. ಸಾಲಿನ ನಡುವಿನಿಂದ ಒಂದು ಕೊಟ್ಟೆ ಆರಿಸಿ, ಅದರ ಬೆಲೆ ಕೊಟ್ಟು, ಅಲ್ಲೇ ಸೀಳಿಸಿ ನೋಡಬೇಕು. ಮಣ್ಣು ಕೈಯಲ್ಲಿ ಹರಳು ಹರಳಾಗಿ ಉದುರಿ, ತಾಯಿಬೇರು ನೆಟ್ಟಗಿದ್ದು, ಸುತ್ತ ಬಿಳಿಯ ಕೂದಲುಬೇರು ತುಂಬಿದ್ದರೆ ಗಾಡಿ ತರಿಸಬಹುದು. ಇಟ್ಟಿಗೆಯಂತೆ ಗಟ್ಟಿ ಮಣ್ಣು, ಕಂದಿದ ಬೇರು, ಬೇರಿನ ಮೇಲೆ ಗಂಟು ಕಂಡರೆ ಆ ಸಾಲಿನ ಗಿಡ ಬೇಡ ಎಂದು ಹೇಳಿ ಬೇರೆ ನರ್ಸರಿ ನೋಡಿಕೊಳ್ಳಿ.