ಮರಳು ತಿನ್ನುವ ಸರಪಳಿ

ಆ ಗ್ಯಾರೇಜಿನ ಗೋಡೆಗೆ ಅಕ್ಕಪಕ್ಕ ಎರಡು ಮೊಳೆ ಹೊಡೆದಿದ್ದಾರೆ. ಒಂದರಲ್ಲಿ ಹೊಸ ಚೈನ್, ಇನ್ನೊಂದರಲ್ಲಿ ಗಾಡಿಯಿಂದ ಬಿಚ್ಚಿದ ಹಳೆಯದು. ಎರಡರಲ್ಲೂ 96 ಕೊಂಡಿ. ಆದರೂ ಹಳೆಯದರ ತುದಿ ಹೊಸದಕ್ಕಿಂತ ಎರಡು ಬೆರಳಿನಷ್ಟು ಕೆಳಗಿದೆ. ಕೆಲಸಕ್ಕೆ ಸೇರುವ ಹುಡುಗರ ಕೈಗೆ ಸ್ಪ್ಯಾನರ್ ಕೊಡುವ ಮೊದಲು ಈ ಗೋಡೆಯ ಮುಂದೆ ನಿಲ್ಲಿಸುವುದು ಇಲ್ಲಿನ ಹಿರಿಯ ಮೆಕ್ಯಾನಿಕ್‌ರ ಪದ್ಧತಿ. ಇಷ್ಟು ಉದ್ದ ಹೇಗಾಯಿತು ಅಂತ ಕೇಳುತ್ತಾರೆ. ಎಳೆತಕ್ಕೆ ಉಕ್ಕು ಹಿಗ್ಗಿದೆ ಎಂಬುದೇ ಹೆಚ್ಚಿನವರ ಉತ್ತರ.

"ಹಿಗ್ಗುದೆಂತ ಮಾರಾಯ್ರೆ, ಅದೇನು ರಬ್ಬರಾ? ಒಳಗೆ ಸವೆದದ್ದು. ತಿಂದದ್ದು ಮರಳು, ಹೆಸರು ಎಂಜಿನ್‌ಗೆ."

ದುಬೈಯಿಂದ ಹತ್ತಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಶಾರ್ಜಾಕ್ಕೆ ಸೇರಿದ ಅಲ್ ಬದಾಯರ್ ಮರಳುಗಾಡು ಸಿಗುತ್ತದೆ. 'ಬಿಗ್ ರೆಡ್' ಎಂದು ಎಲ್ಲರೂ ಕರೆಯುವ ಕೆಂಪು ದಿಬ್ಬ ಇಲ್ಲಿಯದೇ, ಎತ್ತರ ಸುಮಾರು 100 ಮೀಟರ್. ರಸ್ತೆಯ ಇಕ್ಕೆಲದಲ್ಲೂ ಎಟಿವಿ ಬಾಡಿಗೆಗೆ ಕೊಡುವ ಶೆಡ್ಡುಗಳು, ಆ ಗ್ಯಾರೇಜೂ ಇಲ್ಲೇ. ಬಲೂನಿನಂಥ ನಾಲ್ಕು ಚಕ್ರದ ಆ ಗಾಡಿಗಳನ್ನು ಇಲ್ಲಿ ಕ್ವಾಡ್ ಎನ್ನುತ್ತಾರೆ. ಸವಾರರು ಎಲ್ಲ ದೇಶದವರು. ಶೆಡ್ಡಿನ ಹಿಂದೆ ಕೈ ಕಪ್ಪು ಮಾಡಿಕೊಂಡವರು ಮಾತ್ರ ಕೇರಳದವರು, ಪಾಕಿಸ್ತಾನದವರು, ನಮ್ಮ ಕರಾವಳಿಯವರು.

ಈ ಮೆಕ್ಯಾನಿಕ್ ಕಾಪು ಕಡೆಯವರು. ಹುಡುಗುತನದಲ್ಲಿ ಮಲ್ಪೆಯಲ್ಲಿ ಬೋಟಿನ ಎಂಜಿನ್ ಬಿಚ್ಚಿ ಕಟ್ಟಿದವರು. ಹೆಸರು ಹಾಕಬೇಡಿ ಎಂದರು. ಊರಲ್ಲಿ ಎಲ್ಲರೂ ಅವರನ್ನು ಮ್ಯಾನೇಜರ್ ಎಂದು ತಿಳಿದಿದ್ದಾರಂತೆ.

ಅವರು ಹೇಳುವ ಸವೆತ ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ. ಚೈನಿನ ಪ್ರತಿ ಕೀಲಿನಲ್ಲೂ ಒಂದು ಪಿನ್, ಅದರ ಸುತ್ತ ಬುಷ್, ಬುಷ್‌ನ ಹೊರಗೆ ತಿರುಗುವ ರೋಲರ್. ಸ್ಪ್ರಾಕೆಟ್ ಹಲ್ಲಿಗೆ ತಾಗುವುದು ರೋಲರ್. ಆದರೆ ಕೊಂಡಿ ಬಾಗಿದಾಗಲೆಲ್ಲ ಉಜ್ಜಿಕೊಳ್ಳುವುದು ಒಳಗಿನ ಪಿನ್ ಮತ್ತು ಬುಷ್. ಅಲ್ಲಿ ಕೂದಲೆಳೆಯಷ್ಟು ಸವೆದರೂ ಕೀಲು ಅಷ್ಟು ಸಡಿಲವಾಗುತ್ತದೆ, 96 ಕೀಲುಗಳ ಸಡಿಲ ಒಟ್ಟು ಸೇರಿದರೆ ಗೋಡೆಯ ಮೇಲಿನ ಆ ಎರಡು ಬೆರಳು.

ಇದನ್ನು ಅಳೆಯಲು ಅವರ ಜೇಬಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಸ್ಕೇಲ್. ದೊಡ್ಡ ಸ್ಪೋರ್ಟ್ಸ್ ಕ್ವಾಡ್‌ಗಳಿಗೆ ಬರುವುದು ಸಾಮಾನ್ಯವಾಗಿ 520 ಅಳತೆಯ ಚೈನ್. ಅದರಲ್ಲಿ ಪಿನ್ನಿಂದ ಪಿನ್ನಿಗೆ 15.875 ಮಿಲಿಮೀಟರ್. ಚೈನನ್ನು ಎಳೆದು ಹಿಡಿದು 21 ಪಿನ್ ಎಣಿಸಿದರೆ ನಡುವೆ 20 ಅಂತರ, ಹೊಸದರಲ್ಲಿ ಅದು 317.5 ಮಿ.ಮೀ. ಸುಜುಕಿಯ ಸರ್ವೀಸ್ ಪುಸ್ತಕಗಳು ಈ ಅಳತೆಯ ಚೈನಿಗೆ 319.4ರಲ್ಲಿ ಗೆರೆ ಎಳೆಯುತ್ತವೆ. ಅಂದರೆ ಎರಡು ಮಿಲಿಮೀಟರ್ ಕೂಡ ಇಲ್ಲ, ಒಂದು ಕೀಲಿಗೆ ಲೆಕ್ಕ ಹಾಕಿದರೆ 0.1 ಮಿಲಿಮೀಟರಿಗಿಂತ ಕಡಿಮೆ. ಅದು ದಾಟಿದರೆ ಚೈನ್ ಕಸದ ಡಬ್ಬಿಗೆ. ಸ್ಕೇಲ್ ಇಲ್ಲದವರಿಗೆ ಅವರು ಹೇಳುವ ಉಪಾಯ ಬೇರೆ: ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನನ್ನು ಬೆರಳಿಂದ ಹಿಡಿದು ಹಿಂದಕ್ಕೆ ಎಳೆಯಿರಿ, ಅರ್ಧ ಹಲ್ಲು ಹೊರಗೆ ಕಂಡರೆ ಮುಗಿಯಿತು.

ಮರಳು ಇಷ್ಟು ಕೆಡುಕು ಮಾಡುವುದಕ್ಕೆ ಕಾರಣ ಅದರ ಗಟ್ಟಿತನ. ಮರುಭೂಮಿಯ ಮರಳಿನಲ್ಲಿ ದೊಡ್ಡ ಪಾಲು ಕ್ವಾರ್ಟ್ಸ್. ಗಟ್ಟಿತನದ ಮೋಸ್ ಮಾಪನದಲ್ಲಿ ಅದಕ್ಕೆ 7, ಕಬ್ಬಿಣ ಉಜ್ಜುವ ಅರಕ್ಕೆ 6.5ರ ಆಸುಪಾಸು. ಬಿಗ್ ರೆಡ್‌ಗೆ ಕೆಂಪು ಬಂದಿರುವುದು ಕಣಗಳ ಮೇಲೆ ಕೂತ ಕಬ್ಬಿಣದ ಆಕ್ಸೈಡ್‌ನಿಂದ. ತುಕ್ಕು ಮೆತ್ತಿಕೊಂಡ ಮರಳು ಬಂದು ತುಕ್ಕಿಲ್ಲದ ಕಬ್ಬಿಣವನ್ನು ತಿನ್ನುತ್ತದೆ ಎಂದು ಅವರು ನಕ್ಕರು.

ಗಾಡಿಯ ರಚನೆಯೂ ಮರಳಿಗೆ ಅನುಕೂಲವಾಗಿದೆ. ನಮ್ಮ ಸ್ಪ್ಲೆಂಡರ್‌ನಂಥ ಬೈಕಿಗೆ ಇಡೀ ಚೈನನ್ನು ಮುಚ್ಚುವ ಕವರ್ ಇದೆ. ಅದಕ್ಕೇ ಊರಲ್ಲಿ ಚೈನಿಗೆ ಹಳೆ ಎಂಜಿನ್ ಆಯಿಲ್ ಸುರಿದೂ ವರ್ಷಗಟ್ಟಲೆ ಓಡಿಸುತ್ತೇವೆ. ಸ್ಪೋರ್ಟ್ಸ್ ಕ್ವಾಡ್‌ನಲ್ಲಿ ಚೈನ್ ಬಯಲಲ್ಲಿ, ಅದೂ ನೆಲಕ್ಕೆ ಹತ್ತಿರ. ಮೆತ್ತನೆ ಮರಳಿನಲ್ಲಿ ಹಿಂದಿನ ಚಕ್ರ ಹೂತರೆ ಸ್ಪ್ರಾಕೆಟ್ಟೇ ಮರಳನ್ನು ಅಗೆಯುತ್ತದೆ. ಸಾಲದ್ದಕ್ಕೆ ಮರಳಿಗೆಂದೇ ಹಾಕುವ ಪ್ಯಾಡಲ್ ಟೈರ್. ಅದರ ಪಟ್ಟಿಗಳು ಮರಳನ್ನು ಕಚ್ಚಿ ಹಿಡಿಯುವುದರಿಂದ ಎಂಜಿನ್ನಿನ ಜೋರೆಲ್ಲ ಚೈನಿನ ಮೇಲೆ. ಬಾಡಿಗೆ ಸವಾರರು ದಿಬ್ಬದಿಂದ ಹಾರಿ ಆಕ್ಸಿಲರೇಟರ್ ಬಿಡದೆ ನೆಲಕ್ಕಿಳಿಯುತ್ತಾರೆ. ಗಾಳಿಯಲ್ಲಿ ರಭಸವಾಗಿ ತಿರುಗುತ್ತಿದ್ದ ಚಕ್ರವನ್ನು ನೆಲ ಒಮ್ಮೆಲೇ ತಡೆಯುತ್ತದೆ, ಆ ಏಟನ್ನು ತಿನ್ನುವುದೂ ಚೈನೇ.

ಈ ಚೈನಿನ ಚರಿತ್ರೆ ಮೆಕ್ಯಾನಿಕ್‌ರಿಗೆ ಬೇಕಿಲ್ಲ. ಆದರೂ ಎರಡು ಮಾತು ಹೇಳಲೇಬೇಕು. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಹ್ಯಾನ್ಸ್ ರೆನಾಲ್ಡ್ ಬುಷ್ ಇರುವ ರೋಲರ್ ಚೈನಿಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚಿನ ಚೈನ್‌ಗಳಲ್ಲಿ ಪಿನ್ನಿನ ಭಾರವೆಲ್ಲ ತೆಳು ಪ್ಲೇಟಿನ ಅಂಚಿನ ಮೇಲೆ ಬಿದ್ದು ಬೇಗ ಸವೆಯುತ್ತಿತ್ತು. ಬುಷ್ ಬಂದು ಆ ಭಾರವನ್ನು ಅಗಲಕ್ಕೆ ಹಂಚಿತು. ಅಲ್ಲಿಗೆ, ಅಂದಿನ ತಕರಾರೂ ಇಂದಿನದೇ. ಇನ್ನು ಗಾಡಿ: 1970ರಲ್ಲಿ ಹೋಂಡಾ ಮೂರು ಚಕ್ರದ ಯುಎಸ್90 ತಂದಿತು. ಮರುವರ್ಷ 'ಡೈಮಂಡ್ಸ್ ಆರ್ ಫಾರೆವರ್' ಚಿತ್ರದಲ್ಲಿ ಜೇಮ್ಸ್ ಬಾಂಡ್ ಅಂಥದ್ದನ್ನೇ ಮರುಭೂಮಿಯಲ್ಲಿ ಓಡಿಸಿದ. 1982ರಲ್ಲಿ ಸುಜುಕಿ ನಾಲ್ಕನೆಯ ಚಕ್ರ ಸೇರಿಸಿತು. ಅಪಘಾತ ಹೆಚ್ಚಿದ್ದರಿಂದ 1988ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದ್ದರ ಮಾರಾಟ ನಿಂತಿತು. ಗಲ್ಫ್‌ನ ಮರಳಿನಲ್ಲಿ ಮನೆಮಾತಾದದ್ದು 1987ರಲ್ಲಿ ಬಂದ ಯಮಾಹಾ ಬ್ಯಾನ್‌ಶೀ. ಅದರ ಟೂ-ಸ್ಟ್ರೋಕ್ ಸದ್ದು ಇವತ್ತಿಗೂ ದಿಬ್ಬದ ಆಚೆಯಿಂದ ಕೇಳುತ್ತದೆ.

ನಾನು ಹೋದದ್ದು ಚೈನ್ ಟೈಟ್ ಮಾಡುವ ಅವರ ಕ್ರಮ ನೋಡಲು. ಇಲ್ಲಿನ ಹುಡುಗರು ಅದರ ಬಗ್ಗೆ ಮಂತ್ರವಿದ್ಯೆಯಂತೆ ಮಾತಾಡುತ್ತಾರೆ.

ಶಾರ್ಜಾದಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರದಿಂದ ಭಾನುವಾರದವರೆಗೆ ರಜೆ. ಹಾಗಾಗಿ ಚಳಿಗಾಲದ ಗುರುವಾರ ರಾತ್ರಿ ಈ ಗ್ಯಾರೇಜಿಗೆ ನಿದ್ದೆಯಿಲ್ಲ. ಗಾಡಿ ಸ್ಟ್ಯಾಂಡಿನ ಮೇಲೇರಿದ ಕೂಡಲೇ ಅವರು ಮಾಡುವುದು ಹಿಂದಿನ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ಬಿಚ್ಚುವುದು. ಚೈನಿಗೂ ಶಾಕಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸಬೇಕು. ಹಿಂದಿನ ಆಕ್ಸಲ್ ಹೊತ್ತು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮ್ ಈಗ ಸ್ವತಂತ್ರ. ಅದನ್ನು ಕೈಯಿಂದ ಮೆಲ್ಲಗೆ ಎತ್ತುತ್ತಾ ಹೋಗುತ್ತಾರೆ, ಇನ್ನೊಂದು ಕೈ ಚೈನಿನ ಮೇಲೆ. ಸಡಿಲವಾಗಿದ್ದ ಚೈನ್ ಬಿಗಿಯಾಗುತ್ತಾ ಬಂದು, ಒಂದು ಜಾಗ ದಾಟಿದ ಮೇಲೆ ಮತ್ತೆ ಸಡಿಲವಾಗುತ್ತದೆ. ಆ ಅತಿ ಬಿಗಿಯಾದ ಜಾಗದಲ್ಲಿ ಎಂಜಿನ್ ಬದಿಯ ಸ್ಪ್ರಾಕೆಟ್, ಸ್ವಿಂಗ್ ಆರ್ಮ್‌ನ ಕೀಲು, ಹಿಂದಿನ ಆಕ್ಸಲ್ ಈ ಮೂರರ ನಡುಬಿಂದುಗಳು ಒಂದೇ ಗೆರೆಯಲ್ಲಿರುತ್ತವೆ. ಮುಂದಿನ ಸ್ಪ್ರಾಕೆಟ್‌ಗೂ ಆಕ್ಸಲ್‌ಗೂ ನಡುವಿನ ದೂರ ಆಗ ಎಲ್ಲಕ್ಕಿಂತ ಹೆಚ್ಚು.

ಅಲ್ಲಿಗೆ ಬಂದಾಗ ಒಬ್ಬ ಹುಡುಗ ಸ್ವಿಂಗ್ ಆರ್ಮ್‌ನಡಿ ಮರದ ತುಂಡು ಕೊಡುತ್ತಾನೆ. ಈಗ ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಚೈನಿನ ಬಿಗಿ ಜಾಗ ಹುಡುಕುತ್ತಾರೆ, ಯಾಕೆಂದರೆ ಹಳೆ ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಆ ಜಾಗದಲ್ಲಿ ಬೆರಳಿಂದ ಒತ್ತಿದರೆ ಸ್ವಲ್ಪವಾದರೂ ಆಡಬೇಕು. ಅಷ್ಟಕ್ಕೆ ಹೊಂದಿಸಿ, ಶಾಕ್ ಕೂರಿಸಿ, ಗಾಡಿ ನೆಲಕ್ಕಿಳಿಸಿ, ಸವಾರನಿಲ್ಲದೆ ಚೈನ್ ಎಷ್ಟು ಮಿಲಿಮೀಟರ್ ಆಡುತ್ತದೆ ಎಂದು ಸ್ಕೇಲ್ ಹಿಡಿದು ನೋಡಿ ಗೋಡೆಯಲ್ಲಿ ಬರೆಯುತ್ತಾರೆ. ಮುಂದಿನ ಸಲದಿಂದ ಶಾಕ್ ಬಿಚ್ಚಬೇಕಿಲ್ಲ, ಆ ಅಂಕಿ ಸಾಕು. ಕಂಪನಿಯ ಪುಸ್ತಕದಲ್ಲಿ ಇರುವುದೂ ಇದೇ ರೀತಿಯ ಅಂಕಿ. ಆದರೆ ಯಾರೋ ಸವಾರ ಉದ್ದದ ಸ್ವಿಂಗ್ ಆರ್ಮ್ ಹಾಕಿಸಿದ್ದರೆ, ಶಾಕ್ ಬದಲಿಸಿದ್ದರೆ ಪುಸ್ತಕದ ಅಂಕಿ ಹೊಂದುವುದಿಲ್ಲ. ಗೋಡೆಯಲ್ಲಿ ಪೆನ್ಸಿಲಿನ ಅಂಕಿಗಳು ಸಾಲಾಗಿ ಇಳಿದಿವೆ, ಪಕ್ಕದಲ್ಲಿ ಗಾಡಿಯ ಹೆಸರಲ್ಲ, ಮಾಲೀಕರ ಹೆಸರು.

"ಸಡಿಲ ಕಂಡ ಕೂಡಲೇ ಎಳೆದು ಕಟ್ಟುದೇ ದೊಡ್ಡ ರೋಗ," ಎನ್ನುತ್ತಾರೆ. ಸ್ಟ್ಯಾಂಡಿನ ಮೇಲೆ ನೆಟ್ಟಗೆ ಕಾಣುವ ಚೈನ್, ಸವಾರ ಕೂತು ಗುಂಡಿಗೆ ಬಿದ್ದಾಗ ತಂತಿಯಂತೆ ಬಿಗಿಯುತ್ತದೆ. ಪಿನ್, ಬುಷ್ ಅಷ್ಟೇ ಅಲ್ಲ, ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗೂ ಹೋಗುತ್ತದೆ. ಮರಳಿನಲ್ಲಿ ಓಡುವ ಚೈನ್ ಬೇಗ ಉದ್ದವಾಗುವುದರಲ್ಲಿ ಮರಳಿನ ಪಾಲೆಷ್ಟೋ ಮೆಕ್ಯಾನಿಕ್‌ನ ಸ್ಪ್ಯಾನರಿನ ಪಾಲೂ ಅಷ್ಟೇ ಎಂಬುದು ಅವರ ಖಚಿತ ಅಭಿಪ್ರಾಯ. ಕೈಯಲ್ಲಿ ಆ ಬಿಗಿ ಹತ್ತಿ ಬಿಡುವುದನ್ನು ಮುಟ್ಟಿ ನೋಡಿದ ಮೇಲೆ ನನಗೂ ಹಾಗೇ ಅನಿಸಿತು.

ಹೊಂದಿಸುವ ವಿಧಾನ ಗಾಡಿಗೊಂದು. ಕೆಲವು ಹೋಂಡಾಗಳಲ್ಲಿ ಆಕ್ಸಲ್ ಹಿಡಿದ ಹಬ್ಬನ್ನೇ ತಿರುಗಿಸಬೇಕು. ಆಮೇಲೆ ಹಿಡಿತದ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಬೇಕು.

ಎಣ್ಣೆಯ ವಿಷಯದಲ್ಲಿ ಅವರದು ಇನ್ನೂ ಕಟ್ಟುನಿಟ್ಟು. ಗ್ರೀಸ್, ಅಂಟುವ ಸ್ಪ್ರೇ ಶೆಡ್ಡಿನ ಹತ್ತಿರವೂ ಬರಕೂಡದು. ಅಂಟಿದ ಎಣ್ಣೆಗೆ ಮರಳು ಮೆತ್ತಿದರೆ ಅದು ವಾಲ್ವ್ ಗ್ರೈಂಡಿಂಗ್ ಪೇಸ್ಟಿಗೆ ಸಮ. ಬಳಸುವುದು ಓ-ರಿಂಗ್ ಚೈನ್ ಮಾತ್ರ: ಪಿನ್ ಮತ್ತು ಬುಷ್ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಪ್ಲೇಟುಗಳ ಸಂದಿಯಲ್ಲಿ ರಬ್ಬರ್ ಉಂಗುರ ಕೂರಿಸಿ ಮುಚ್ಚಿರುತ್ತಾರೆ. ರೇಸಿನವರು ಹಗುರವೆಂದು ಉಂಗುರವಿಲ್ಲದ್ದನ್ನು ಕೇಳುತ್ತಾರೆ, ಇವರು ಹಾಕಿಕೊಡುವುದಿಲ್ಲ. ಒಳಗಿನ ಗ್ರೀಸ್ ಉಳಿಯಬೇಕಾದರೆ ಉಂಗುರ ಉಳಿಯಬೇಕು. ಆದ್ದರಿಂದ ತಂತಿ ಬ್ರಷ್ ಇಲ್ಲ, ಪೆಟ್ರೋಲ್ ಇಲ್ಲ, ಪ್ರೆಶರ್ ವಾಷರ್ ಪೈಪನ್ನು ಚೈನಿನ ಕಡೆ ತಿರುಗಿಸುವಂತೆಯೇ ಇಲ್ಲ. ಒಣ ಬ್ರಷ್ಷಿನಿಂದ ಮರಳು ಉದುರಿಸಿ, ಜಿಡ್ಡಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ರಾತ್ರಿಯೇ ತೆಳ್ಳಗೆ ಮೇಣದ ಸ್ಪ್ರೇ. ಬೆಳಿಗ್ಗೆಗೆ ಅದು ಒಣಗಿರಬೇಕು. ಹೊರಡುವ ಹೊತ್ತಿಗೆ ಸ್ಪ್ರೇ ಮಾಡಿದ ಹುಡುಗನಿಗೆ ಬೈಗುಳ ಖಾತ್ರಿ.

ಉಳಿದದ್ದು ಸಣ್ಣಪುಟ್ಟ. ಸ್ಪ್ರಾಕೆಟ್ ಎರಡನ್ನೂ ಚೈನಿನ ಜೊತೆಗೇ ಬದಲಿಸಬೇಕು, ಕೊಕ್ಕೆಯಾದ ಹಲ್ಲು ಹೊಸ ಚೈನನ್ನು ವಾರಗಳಲ್ಲಿ ಮುಗಿಸುತ್ತದೆ. ಚೈನ್ ಲಾಕಿನ ಕ್ಲಿಪ್‌ನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಹೊಸ ಚೈನನ್ನು ಮೊದಲ ಸವಾರಿ ಮುಗಿದ ತಕ್ಷಣ ಮತ್ತೆ ನೋಡಬೇಕು.

ಇಷ್ಟೆಲ್ಲ ಮಾಡಿದ್ದಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ. ಹೊಸ ಚೈನ್ ಹಾಕಿದರೆ ಮಾಲೀಕರಿಗೆ ಲೆಕ್ಕ ಕಾಣುತ್ತದೆ, ಹಾಕದೆ ಉಳಿಸಿದ ಚೈನ್ ಯಾವ ಪುಸ್ತಕದಲ್ಲೂ ಬರೆಯಲ್ಪಡುವುದಿಲ್ಲ. ಬಾಡಿಗೆ ವ್ಯಾಪಾರ ಮಾಡುವವರು ಈ ರಾತ್ರಿ ಕೆಲಸಕ್ಕೆ ಬೇರೆ ಕೂಲಿ ಕೊಡಬೇಕೆಂದು ನನಗನಿಸುತ್ತದೆ. ಏರುದಿಬ್ಬದ ನಡುವೆ ತುಂಡಾದ ಚೈನ್ ಎಂಜಿನ್ನಿನ ಕೇಸನ್ನೇ ಒಡೆಯಬಲ್ಲದು, ಸವಾರನ ಕಾಲೂ ಅಲ್ಲೇ ಪಕ್ಕದಲ್ಲಿರುತ್ತದೆ.

ಕೂಲಿಯ ಮಾತು ಇತ್ಯರ್ಥವಾಗುವ ಮೊದಲೇ ಕೆಲಸವೇ ಕರಗುತ್ತಿದೆ. ಸಾಲಾಗಿ ನಿಂತ ಗಾಡಿಗಳಲ್ಲಿ ಈಗ ಸೀಟು, ಸ್ಟೀರಿಂಗ್, ಕಂಬಿಯ ಚಾವಣಿ ಇರುವವೇ ಹೆಚ್ಚು. ಪೊಲಾರಿಸ್ ಆರ್‌ಜೆಡ್‌ಆರ್‌ನಂಥ ಅವುಗಳಲ್ಲಿ ಚೈನಿಲ್ಲ, ಬೆಲ್ಟು ಮತ್ತು ಶಾಫ್ಟು. ಹೋಂಡಾ, ಸುಜುಕಿಗಳು 450 ಸಿಸಿ ಸ್ಪೋರ್ಟ್ಸ್ ಕ್ವಾಡ್ ಮಾಡುವುದನ್ನೇ ಬಿಟ್ಟಿವೆ. ಬೆಲ್ಟ್ ಹರಿದರೆ ಹೊಸದು ಹಾಕಿ ಹೊರಡುವುದು, ಮುಟ್ಟಿ ನೋಡಿ ಕಲಿಯುವಂಥದ್ದು ಅದರಲ್ಲಿ ಕಡಿಮೆ. ಹೊಸ ಹುಡುಗರು ಗೋಡೆಯ ಚೈನ್‌ಗಳನ್ನು ನೋಡುತ್ತಾರೆ, ತಲೆಯಾಡಿಸುತ್ತಾರೆ, ಆಮೇಲೆ ಬೆಲ್ಟಿನ ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಊರಿಗೆ ಮರಳಿ ಇದನ್ನೇ ಮಾಡಬಹುದಲ್ಲ ಎಂದೆ. ಮಲ್ಪೆ ಕಡಲತೀರದಲ್ಲೂ ಪ್ರವಾಸಿಗರಿಗೆ ಎಟಿವಿ ಸವಾರಿ ಇದೆ. ಅವರ ಮುಖ ಅರಳಿತು. ಅಲ್ಲಿನ ಮರಳು ಬೇರೆ, ಒದ್ದೆ, ಉಪ್ಪು ಬೇರೆ ಉಂಟು, ತುಕ್ಕು ಮೊದಲು ಬರುತ್ತದೆ, ಆದ್ದರಿಂದ ಸಂಜೆ ಸಿಹಿನೀರಿನಲ್ಲಿ ತೊಳೆಯಲೇಬೇಕು, ಒರೆಸಿ ಒಣಗಿಸಿ ತೆಳ್ಳಗೆ ಎಣ್ಣೆ ಸವರಲೇಬೇಕು, ಇಲ್ಲಿನ ಪಾಠ ಅಲ್ಲಿಗೆ ಅರ್ಧವೇ ಹೊಂದುವುದು ಎಂದು ಉತ್ಸಾಹದಿಂದ ವಿವರಿಸಿದರು. ಅಲ್ಲಿ ಗಾಡಿ ಇಟ್ಟಿರುವ ಪರಿಚಯದವರಿಗೆ ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಿದ್ದಾರಂತೆ, ಶಾಕ್ ಬಿಚ್ಚುವುದರಿಂದ ಹಿಡಿದು ಗೋಡೆಯಲ್ಲಿ ಅಂಕಿ ಬರೆಯುವವರೆಗೆ.

"ನೋಡಿದ್ರಾ ಅವರು?"

"ನೋಡಿರ್ಬೇಕು. ದುಬೈಯಲ್ಲಿ ಹೊಸ ಚೈನ್ ಎಷ್ಟಕ್ಕೆ ಸಿಗ್ತದೆ, ಬರುವಾಗ ನಾಲ್ಕು ತರ್ಲಿಕ್ಕೆ ಆಗ್ತದಾ ಅಂತ ಕೇಳಿದ್ರು."