ನಡುವಿನಿಂದ ಹೊರಡುವ ಗಣನೆ

ನಾಸಿಕದಿಂದ ಆಗ್ರಾ ಹೆದ್ದಾರಿಯನ್ನು ಹಿಡಿದು ಈಶಾನ್ಯಕ್ಕೆ ಸಾಗುವ ಪ್ರಯಾಣಿಕನು ಚಾಂದವಡವನ್ನು ಸಮೀಪಿಸಿದಾಗ, ಅಹಲ್ಯಾಬಾಯಿ ಹೋಳ್ಕರರ ರಂಗಮಹಲಿಗಿಂತ ಮೊದಲೇ ಅವನ ದೃಷ್ಟಿಯನ್ನು ಸೆಳೆಯುವುವು ಸಾತಮಾಳಾ ಶ್ರೇಣಿಯ ಬೆಟ್ಟಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು ಘನೀಭವಿಸಿದ ಲಾವಾರಸದಿಂದ ಆದ ಈ ಕೃಷ್ಣಶಿಲೆ ಪಶ್ಚಿಮಾಭಿಮುಖವಾಗಿ ಹಬ್ಬಿ, ಕರಾವಳಿಯನ್ನೂ ದಾಟಿ, ಅರಬ್ಬೀ ಸಮುದ್ರದ ತಳದ ಕೆಳಗೆ ಎಷ್ಟೋ ದೂರ ಮುಂದುವರಿದಿದೆ. ಚಾಂದವಡದಲ್ಲಿ ತೈಲದ ಬಾವಿಯಿಲ್ಲ. ನೆರೆಯ ಮನಮಾಡಿನ ಡಿಪೋಗೆ ಪೆಟ್ರೋಲು ಡೀಸೆಲುಗಳು ಮುಂಬಯಿಯಿಂದ ಕೊಳವೆಮಾರ್ಗವಾಗಿ ಬರುತ್ತವೆ. ಆದರೆ ಕಡಲಿನಡಿಯಲ್ಲಿ ಆ ಪುರಾತನ ತಳಪಾಯದ ಮೇಲೆ ಬಹುಕಾಲಾನಂತರ ಸಂಚಯಗೊಂಡ ಸುಣ್ಣಕಲ್ಲಿನ ಸ್ತರಗಳಲ್ಲಿಯೇ ನಮ್ಮ ದೇಶದ ಅತ್ಯಂತ ಹಿರಿದಾದ ತೈಲಕ್ಷೇತ್ರ ಅಡಗಿದ್ದಿತು.

ಮುಂಬಯಿಯಿಂದ ಸುಮಾರು 160 ಕಿಲೋಮೀಟರು ದೂರದ ಆ ಕ್ಷೇತ್ರವನ್ನು 1974ರಲ್ಲಿ ‘ಸಾಗರ ಸಮ್ರಾಟ್’ ಎಂಬ ಕಡಲ ಕೊರೆಯಂತ್ರ ಕಂಡುಹಿಡಿಯಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ತೈಲವನ್ನು ತೆಗೆದಂತೆಲ್ಲ ಶಿಲೆಯೊಳಗಣ ಒತ್ತಡ ಕುಗ್ಗುವುದರಿಂದ, 1984ರಿಂದ ನೀರನ್ನು ಒಳಕ್ಕೆ ಊಡುವ ಕ್ರಮವೂ ಮೊದಲಾಯಿತು. ಹೀಗೆ ದಶಕಗಟ್ಟಲೆ ತೈಲವನ್ನು ಕೊಟ್ಟು ನೀರನ್ನು ಕುಡಿದ ಕ್ಷೇತ್ರದಲ್ಲಿ ಇನ್ನೊಂದು ಬಾವಿಯನ್ನು ಎಲ್ಲಿ ತೋಡಬೇಕು, ಯಾವ ಬಾವಿಯನ್ನು ಮುಚ್ಚಬೇಕು ಎಂಬ ಪ್ರಶ್ನೆಗೆ ಕಣ್ಣಳತೆಯ ಉತ್ತರ ಸಲ್ಲದು. 1978ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಓಎನ್‌ಜಿಸಿಯ ತೈಲಾಶಯ ಅಧ್ಯಯನ ಸಂಸ್ಥೆಯಂಥ ಕಡೆಗಳಲ್ಲಿ ಇಂಥ ಪ್ರಶ್ನೆಗಳನ್ನು ಗಣಕಯಂತ್ರದ ಮುಂದೆ ಇಡುತ್ತಾರೆ.

ಗಣಕದೊಳಗೆ ತೈಲಾಶಯವೆಂಬುದು ಸಹಸ್ರಾರು ಸಣ್ಣ ಖಂಡಗಳ ಸಮೂಹ. ಪ್ರತಿಯೊಂದು ಖಂಡಕ್ಕೂ ಅದರ ರಂಧ್ರತೆಯೆಷ್ಟು, ದ್ರವವನ್ನು ಹರಿಯಗೊಡುವ ಶಕ್ತಿಯೆಷ್ಟು ಎಂಬ ಅಂಕೆಗಳಿರುತ್ತವೆ. ಅದರ ಒತ್ತಡ, ಅದರೊಳಗಣ ತೈಲ, ನೀರು, ಅನಿಲಗಳ ಪಾಲು ಇವು ಕಾಲಕ್ರಮದಲ್ಲಿ ಹೇಗೆ ಬದಲಾಗುವುವೆಂಬುದನ್ನು ಯಂತ್ರವು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. 1981ರಲ್ಲಿ ಅಜೀಜ್ ಓಡೆ ಎಂಬ ವಿಜ್ಞಾನಿ ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳನ್ನು ಹೋಲಿಸುವುದಕ್ಕೆ ಮುಂದಿಟ್ಟ ಸಮಸ್ಯೆಯಲ್ಲಿ ಖಂಡಗಳು 300 ಮಾತ್ರ. ಇಂದು ಸಂಶೋಧಕರಿಗೆಲ್ಲ ಮುಕ್ತವಾಗಿ ದೊರೆಯುವ ನಾರ್ವೆಯ ನೋರ್ನೆ ಕ್ಷೇತ್ರದ ಮಾದರಿಯ ಜಾಲವು 46, 112, 22 ಎಂಬ ಅಳತೆಯದು. ಎಂದರೆ ಲಕ್ಷಕ್ಕೂ ಮಿಕ್ಕ ಖಂಡಗಳು.

ಈ ಗಣನೆಯಲ್ಲಿ ಎರಡು ಘಟ್ಟಗಳಿವೆ. ಮೊದಲನೆಯದರಲ್ಲಿ ಕ್ಷೇತ್ರದ ನಿಜವಾದ ಗತಚರಿತ್ರೆಯನ್ನು, ಯಾವ ದಿನ ಯಾವ ಬಾವಿ ಎಷ್ಟು ತೈಲವನ್ನು ಕೊಟ್ಟಿತೆಂಬುದನ್ನು, ಯಂತ್ರಕ್ಕೆ ಒಪ್ಪಿಸಿ, ಅದರ ಉತ್ತರವು ಕಂಡ ಸಂಗತಿಗೆ ಹೊಂದುವವರೆಗೂ ತಿದ್ದುತ್ತಾರೆ. ಎರಡನೆಯದು ಭವಿಷ್ಯದ ವಿಚಾರ: ಹೊಸ ಬಾವಿ ತೋಡಿದರೆ ಏನಾದೀತು, ನೀರನ್ನು ಹೆಚ್ಚಿಸಿದರೆ ಏನಾದೀತು ಎಂಬ ಹಲವು ಊಹೆಗಳು. ಭವಿಷ್ಯದ ಒಂದೊಂದು ಊಹೆಗೂ 1976ರಿಂದಲೇ ಲೆಕ್ಕವನ್ನು ಮೊದಲುಮಾಡುವುದು ಯಂತ್ರಕ್ಕೂ ಮನುಷ್ಯನಿಗೂ ವ್ಯರ್ಥಶ್ರಮ. ಆದುದರಿಂದ ಮೂಲಗಣನೆಯು ಗೊತ್ತಾದ ದಿನಾಂಕಗಳಲ್ಲಿ ತನ್ನ ಸ್ಥಿತಿಯನ್ನೆಲ್ಲ ಕ್ರಮಸಂಖ್ಯೆಯುಳ್ಳ ವರದಿಯಾಗಿ ಒಂದು ಕಡತದಲ್ಲಿ ಬರೆದಿಡುತ್ತದೆ. ಮುಂದಿನ ಗಣನೆ ಅಲ್ಲಿಂದಲೇ ಹೊರಡುತ್ತದೆ. ಅಂಗಡಿಯ ಲೆಕ್ಕದಲ್ಲಿ ಹಿಂದಿನ ವರ್ಷದ ಆಖೈರು ಶಿಲ್ಕು ಈ ವರ್ಷದ ಆರಂಭ ಶಿಲ್ಕಾಗುವಂತೆಯೇ ಇದು. ಇದಕ್ಕೆ ರೀಸ್ಟಾರ್ಟ್, ಎಂದರೆ ಮರುಗಣನೆ, ಎಂದು ಹೆಸರು.

ಇಲ್ಲಿಯೇ ಮರುಗಣನೆಯ ಆದೇಶಗಳ ಒಳಕಡತವನ್ನು ಸಿದ್ಧಗೊಳಿಸುವವನ ಎಚ್ಚರಕ್ಕೆ ಬೆಲೆ. ಬಹುಪ್ರಚಲಿತವಾದ ಎಕ್ಲಿಪ್ಸ್ ತಂತ್ರಾಂಶದಲ್ಲಿ ಒಳಕಡತವು ಹಲವು ವಿಭಾಗಗಳಾಗಿ ಹಂಚಿಹೋಗಿದೆ: ಒಂದರಲ್ಲಿ ಜಾಲದ ವಿವರ, ಒಂದರಲ್ಲಿ ಶಿಲೆ ಮತ್ತು ದ್ರವಗಳ ಗುಣ, ಒಂದರಲ್ಲಿ ಆರಂಭಸ್ಥಿತಿ, ಕೊನೆಯದರಲ್ಲಿ ಬಾವಿಗಳ ದಿನಚರಿ. ಮೂಲಗಣನೆಯಲ್ಲಿ ಆರಂಭಸ್ಥಿತಿಯನ್ನು ‘ಇಕ್ವಿಲ್’ ಎಂಬ ಆದೇಶ ನಿರ್ಣಯಿಸುತ್ತದೆ. ತೈಲ ಮತ್ತು ನೀರುಗಳ ಗಡಿ ಎಷ್ಟು ಆಳದಲ್ಲಿದೆಯೆಂಬುದನ್ನು ತಿಳಿದು, ಇನ್ನೂ ಯಾರೂ ಮುಟ್ಟದ ಕ್ಷೇತ್ರದ ಸಮತೋಲವನ್ನು ಅದು ಕಟ್ಟಿಕೊಡುತ್ತದೆ. ಮರುಗಣನೆಯಲ್ಲಿ ಅದನ್ನು ತೆಗೆದುಹಾಕಿ, ಅದರ ಸ್ಥಾನದಲ್ಲಿ ‘ರೀಸ್ಟಾರ್ಟ್’ ಎಂಬ ಆದೇಶವನ್ನು, ಮೂಲಗಣನೆಯ ಹೆಸರನ್ನೂ ಎಷ್ಟನೆಯ ವರದಿಯಿಂದ ಹೊರಡಬೇಕೆಂಬ ಸಂಖ್ಯೆಯನ್ನೂ ಸೇರಿಸಿ, ಬರೆಯಬೇಕು. ಆ ವರದಿ ಮೂಲಗಣನೆಯ ಕಾಲದಲ್ಲಿಯೇ ಉಳಿಸಲ್ಪಟ್ಟಿರಬೇಕೆಂಬುದನ್ನು ಹೇಳಬೇಕಾಗಿಲ್ಲ; ಆದರೂ ಉಳಿಸೆಂದು ಆದೇಶಿಸುವುದನ್ನೇ ಮರೆತು, ರಾತ್ರಿಯೆಲ್ಲ ಓಡಿದ ಗಣನೆಯಿಂದ ಏನನ್ನೂ ಪಡೆಯಲಾರದವರು ಆ ವೃತ್ತಿಯಲ್ಲಿ ವಿರಳರಲ್ಲ.

ಕಡತದ ಮೊದಲಲ್ಲಿರುವ ‘ಸ್ಟಾರ್ಟ್’ ದಿನಾಂಕವನ್ನು ಮರುಗಣನೆ ಹೊರಡುವ ದಿನಕ್ಕೆ ಬದಲಾಯಿಸುವುದು ಹೊಸಬರ ಸಹಜ ಪ್ರವೃತ್ತಿ. ಅದು ಮೂಲಗಣನೆಯ ದಿನಾಂಕವಾಗಿಯೇ ಉಳಿಯತಕ್ಕದ್ದು. ಕಾಲವನ್ನು ಅಲ್ಲಿಂದಲೇ ಎಣಿಸುವುದು. ಬಾವಿಗಳ ದಿನಚರಿಯಲ್ಲಿ ಹಳೆಯ ವರ್ಷಗಳನ್ನು ಅಳಿಸಿಹಾಕುವುದಕ್ಕೆ ಬದಲು ‘ಸ್ಕಿಪ್‌ರೆಸ್ಟ್’ ಎಂಬ ಆದೇಶವನ್ನು ಮೊದಲಲ್ಲಿಟ್ಟರೆ, ಮರುಗಣನೆಯ ದಿನಾಂಕ ಬರುವವರೆಗೂ ಯಂತ್ರವು ಅವನ್ನು ತಾನಾಗಿಯೇ ದಾಟಿಹೋಗುತ್ತದೆ. ಅಳಿಸುವ ಕೈಗಿಂತ ಇದು ಬಹಳ ನಂಬಿಕೆಗೆ ಯೋಗ್ಯ. ಬಾವಿಯ ತಳದಿಂದ ನೆಲಮಟ್ಟಕ್ಕೆ ಏರುವಾಗ ಒತ್ತಡವೆಷ್ಟು ಕಳೆಯುವುದೆಂಬ ಕೋಷ್ಟಕಗಳ ವಿಷಯ ಮಾತ್ರ ಬೇರೆ: ರೀಸ್ಟಾರ್ಟ್ ಕಡತ ಅವನ್ನು ಹೊತ್ತು ತರುವುದಿಲ್ಲ. ದಿನಚರಿಯನ್ನು ಕತ್ತರಿಸಿದವನು ಅವುಗಳನ್ನೂ ಕತ್ತರಿಸಿಬಿಟ್ಟರೆ ಗಣನೆ ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಂತರೆ ಅದು ಪುಣ್ಯವೆಂದೇ ನನ್ನ ಭಾವನೆ. ನಿಲ್ಲದೆ ತಪ್ಪು ಉತ್ತರವನ್ನು ಕೊಡುವ ದೋಷಗಳೇ ಭಯಂಕರ.

ಅಂಥ ದೋಷಗಳಲ್ಲಿ ಮುಖ್ಯವಾದುದು ಗತಕಾಲವನ್ನು ತಿದ್ದುವ ಆಸೆ. ಖಂಡಗಳ ಸಂಖ್ಯೆ ಬದಲಾದರೆ ಯಂತ್ರ ಒಡನೆಯೇ ಆಕ್ಷೇಪಿಸುತ್ತದೆ. ಆದರೆ ಸಂಖ್ಯೆಯನ್ನು ಹಾಗೆಯೇ ಇರಿಸಿ ಶಿಲೆಯ ರಂಧ್ರತೆಯನ್ನು ಮಾತ್ರ ಹೆಚ್ಚಿಸಿದನೆನ್ನಿ: ಹಳೆಯ ಒತ್ತಡ, ಹಳೆಯ ಪಾಲುಗಳು ಹಾಗೆಯೇ ಇದ್ದು, ಹೊಸದಾಗಿ ಹಿಗ್ಗಿದ ರಂಧ್ರಗಳಲ್ಲಿ ಎಲ್ಲಿಂದಲೋ ಬಂದಂತೆ ಹೆಚ್ಚಿನ ತೈಲ ತುಂಬಿಕೊಳ್ಳುತ್ತದೆ. ಕಾಗದದ ಮೇಲೆ ಕ್ಷೇತ್ರ ಸಂಪನ್ನವಾಯಿತು. ಭೂಗರ್ಭದಲ್ಲಿ ಆದುದೇನೂ ಇಲ್ಲ. ಮರುಗಣನೆಯಲ್ಲಿ ಸ್ವತಂತ್ರವಾಗಿ ಬದಲಾಯಿಸತಕ್ಕವು ಮುಂದಿನ ಘಟನೆಗಳು ಮಾತ್ರ: ಹೊಸ ಬಾವಿಗಳು, ಉತ್ಪಾದನೆಯ ಮಿತಿಗಳು, ಊಡುವ ನೀರಿನ ಪ್ರಮಾಣ. ಶಿಲೆಯನ್ನೋ ದ್ರವವನ್ನೋ ಕುರಿತ ಅಭಿಪ್ರಾಯ ಬದಲಾಯಿತೆಂದರೆ ಗಣನೆಯನ್ನು ಮೊದಲ ದಿನದಿಂದಲೇ ಮಾಡಬೇಕು, ಅದಕ್ಕೆ ಅಡ್ಡದಾರಿಯಿಲ್ಲ.

ಕಡತ ಸರಿಯಾಗಿದೆಯೆ ಎಂಬುದನ್ನು ಕಾಣುವುದಕ್ಕೆ ಸುಲಭವಾದ ಒಂದು ಪರೀಕ್ಷೆಯಿದೆ. ಮುಕ್ತಾಯಕ್ಕೆ ಕೆಲವು ವರ್ಷಗಳಿಗೆ ಮುಂಚಿನ ಒಂದು ವರದಿಯಿಂದ, ಏನೊಂದನ್ನೂ ಬದಲಾಯಿಸದೆ, ಮೂಲಗಣನೆಯ ಕೊನೆಯವರೆಗೆ ಮರುಗಣನೆಯನ್ನು ಓಡಿಸಿ, ಎರಡರ ಒತ್ತಡದ ರೇಖೆಗಳನ್ನೂ ತೈಲದ ಮೊತ್ತಗಳನ್ನೂ ಒಂದರ ಮೇಲೊಂದಿಟ್ಟು ನೋಡಬೇಕು. ಕಾಲದ ಹೆಜ್ಜೆಗಳ ವ್ಯತ್ಯಾಸದಿಂದ ಕೂದಲೆಳೆಯಷ್ಟು ಅಂತರ ಬಂದರೆ ಕ್ಷಮ್ಯ. ಅದಕ್ಕೂ ಮಿಗಿಲಾಗಿ ರೇಖೆಗಳು ಅಗಲಿದರೆ, ಕಾರಣ ಸಿಕ್ಕುವವರೆಗೂ ಆ ಕಡತವನ್ನು ನಂಬಿ ಸಮುದ್ರದಲ್ಲಿ ಬಾವಿಯ ಸ್ಥಾನವನ್ನು ನಿಶ್ಚಯಿಸಲಾಗದು.