ನುಣುಪು ಕೂದಲಿಗೆ ಕಡಲ ಗಾಳಿಯ ಕಾಟ

ಮಂಗಳೂರು: ಪಾರ್ಲರಿನಿಂದ ಹೊರಬಂದಾಗ ರೇಷ್ಮೆಯಂಥ ಕೂದಲು. ಸುರತ್ಕಲ್ಲಿನಲ್ಲಿ ಬಸ್ಸು ಹತ್ತಿ, ಕಿಟಕಿ ಬದಿ ಕೂತು, ಸ್ಟೇಟ್‌ಬ್ಯಾಂಕಿನಲ್ಲಿ ಇಳಿಯುವಷ್ಟರಲ್ಲಿ ತೆಂಗಿನ ನಾರು! ಕೊಟ್ಟ ಸಾವಿರಾರು ರೂಪಾಯಿ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತೇ?

ತಪ್ಪೆಲ್ಲ ಪಾರ್ಲರಿನದ್ದಲ್ಲ. ಗಾಳಿಯ ತೇವ ಹೀರಿ ಉಬ್ಬುವುದು ಕೂದಲಿನ ಗುಣ. ಕೆರಾಟಿನ್ ಲೇಪ ಅದನ್ನು ತಗ್ಗಿಸೀತು, ಪೂರ್ತಿ ತಡೆಯದು. ಅದೂ ಪ್ರತಿ ಸಲ ಶಾಂಪೂ ಹಾಕಿದಾಗ ಸವೆಯುತ್ತದೆ; ಮೂರ್ನಾಲ್ಕು ತಿಂಗಳಲ್ಲಿ ಬಹುಪಾಲು ಮಾಯ. ಬೆವರಿನ ಊರಲ್ಲಿ ದಿನಾ ತಲೆ ತೊಳೆದರೆ ಇನ್ನೂ ಬೇಗ.

ಹಾಗಾದರೆ ಮಾಡುವುದೇನು? ಸಲ್ಫೇಟ್ ಇಲ್ಲದ ಶಾಂಪೂ ವಾರಕ್ಕೆರಡು ಸಲ ಸಾಕು. ಬೆವರಿದ ದಿನ ಬರೀ ನೀರು. ಮೈಸೋಪು ತಲೆಗೆ ಬೇಡ. ಪಣಂಬೂರಿನಲ್ಲಿ ಕಡಲಿಗಿಳಿದರೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ಒದ್ದೆ ಕೂದಲನ್ನು ಗಂಟು ಕಟ್ಟಬಾರದು. ಒಣಗಿಸಿಯೇ ಬಸ್ಸು ಹತ್ತಬೇಕು, ತಲೆಗೊಂದು ಬಟ್ಟೆ ಇದ್ದರೆ ಒಳ್ಳೆಯದು.

ಇಷ್ಟೆಲ್ಲ ಪಥ್ಯ ಅಂದಕ್ಕೆ ಮಾತ್ರವಲ್ಲ. ಲೇಪ ಬೇಗ ಹೋದರೆ ಬೇಗ ಮತ್ತೆ ಮಾಡಿಸಬೇಕು. ಕೆಲವು ಲೇಪಗಳು ಕಾದ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಕಾಲೇಜಿನ ಲ್ಯಾಬಿನಲ್ಲಿ ಕಪ್ಪೆ ಕೊಳೆಯದಂತೆ ಇಡುವ ಫಾರ್ಮಲಿನ್ನಿನಲ್ಲಿರುವುದೂ ಅದೇ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಗಿರಾಕಿ ಒಂದು ದಿನ ಉಸಿರಾಡಿ ಹೋಗುತ್ತಾಳೆ. ಕೆಲಸದ ಹುಡುಗಿ ದಿನವಿಡೀ.

ಕೂರುವ ಮೊದಲು ಡಬ್ಬಿ ಓದಿ, ಕಿಟಕಿ ತೆಗೆಸಿ. ಕಣ್ಣು ಉರಿದರೆ ಎದ್ದು ಬನ್ನಿ. ಮೂರು ತಿಂಗಳದ್ದನ್ನು ಐದಕ್ಕೆ ಎಳೆದರೆ ಕಿಸೆಗೂ ಲಾಭ, ಉಸಿರಿಗೂ ಲಾಭ.